ಗೊರಕೆ ಹೊಡೆಯುವ ಡಬ್ಬಿ

ನಾನು ಮಾಡಿ ಮಾರುವ ಗಿಟಾರ್ ಪೆಡಲ್‌ನ ಒಳಗಿನ ಸರ್ಕ್ಯೂಟು ನನ್ನದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ಫಝ್ ಫೇಸ್ ಅನ್ನೋ ದುಂಡನೆಯ ಪೆಡಲ್ ಒಂದನ್ನು ತಂದಿತು. ಹೆಸರಾಂತ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕಾಲಡಿಯಲ್ಲಿ ಇರುತ್ತಿದ್ದದ್ದು ಅದೇ. ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ತಿರುಗಿಸಲು ಎರಡು ಪಾಟ್. ಒಟ್ಟು ಹನ್ನೊಂದು. ಈ ನಕ್ಷೆ ಈಗ ಎಲ್ಲರ ಕೈಯಲ್ಲೂ ಇದೆ. ಡಿಪ್ಲೊಮಾ ಓದುವ ಹುಡುಗ ಒಂದು ಸಂಜೆಯಲ್ಲಿ ಬ್ರೆಡ್‌ಬೋರ್ಡ್ ಮೇಲೆ ಜೋಡಿಸಿಬಿಡುತ್ತಾನೆ. ಹಾಗಿದ್ದ ಮೇಲೆ ಜನ ನಿನಗೆ ಯಾಕೆ ದುಡ್ಡು ಕೊಡ್ತಾರೆ ಅಂತ ನನ್ನ ಹೆಂಡತಿ ಶುರುವಿನಲ್ಲೇ ಕೇಳಿದ್ದಳು. ಅವಳಿಗೆ ಆಗ ಕೊಡಲಾಗದ ಉತ್ತರ ಈಗ ಸ್ವಲ್ಪ ಗೊತ್ತಿದೆ.

ಗಿಟಾರ್ ನುಡಿಸದವರಿಗೆ ಒಂದು ಮಾತು. ಎಲೆಕ್ಟ್ರಿಕ್ ಗಿಟಾರಿನಿಂದ ಆಂಪ್ಲಿಫೈಯರಿಗೆ ಹೋಗುವ ಕೇಬಲ್‌ನ ನಡುವೆ, ನೆಲದ ಮೇಲೆ ಇಡುವ ಸಣ್ಣ ಡಬ್ಬಿಗೆ ಪೆಡಲ್ ಅನ್ನುತ್ತಾರೆ. ಕಾಲಿನಿಂದ ಒತ್ತಿದರೆ ಸದ್ದು ಬದಲಾಗುತ್ತದೆ. ಒಂದೊಂದು ಪೆಡಲ್‌ಗೆ ಒಂದೊಂದು ಕೆಲಸ. ಫಝ್‌ನದು ಸದ್ದನ್ನು ಕೆಡಿಸುವ ಕೆಲಸ. ತಂತಿಯಿಂದ ಬಂದ ನಯವಾದ ಅಲೆಯನ್ನು ಎಷ್ಟು ಹಿಗ್ಗಿಸುತ್ತದೆಂದರೆ, ಅದರ ತಲೆಯೂ ಬುಡವೂ ಕತ್ತರಿಸಿ ಚಪ್ಪಟೆಯಾಗುತ್ತವೆ. ಕಿವಿಗೆ ಅದು ಗರಗರ ಅಂತ ಕೇಳುತ್ತದೆ. ಅದಕ್ಕೇ ನನ್ನ ಪೆಡಲ್‌ಗೆ ‘ಗೊರಕೆ’ ಅಂತ ಹೆಸರಿಟ್ಟೆ.

ನನ್ನ ಮೂಲ ಕಸುಬು ಯುಪಿಎಸ್ ಸರ್ವಿಸ್. ದಾಸರಹಳ್ಳಿಯಲ್ಲಿ ಮನೆ. ಗಿಟಾರ್ ಕಾಲೇಜು ದಿನಗಳಿಂದ ಅಂಟಿಕೊಂಡದ್ದು. ಜರ್ಮೇನಿಯಂ ಅನ್ನುವ ಧಾತುವಿನ ಟ್ರಾನ್ಸಿಸ್ಟರ್ ಇರುವ ಒಳ್ಳೆಯ ಫಝ್ ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ ಸೇರಿ ಗಿಟಾರಿನ ಬೆಲೆಗೆ ಬಂದು ನಿಲ್ಲುತ್ತದೆ. ಸರಿ, ನಾನೇ ಮಾಡಿಕೊಂಡೆ. ಒಬ್ಬ ಗೆಳೆಯ ಕೇಳಿದ, ಅವನ ಬ್ಯಾಂಡಿನವನೊಬ್ಬ ಕೇಳಿದ. ಮುಂಬೈನ ಅನಿಮಲ್ ಫ್ಯಾಕ್ಟರಿ ಆಂಪ್ಲಿಫಿಕೇಷನ್‌ನವರು ಇಲ್ಲೇ ಪೆಡಲ್ ಮಾಡಿ ಮಾರುವುದನ್ನು ನೋಡಿದ್ದೆ. ನಮ್ಮ ದೇಶದಲ್ಲೂ ಇದು ಆಗುತ್ತೆ ಅನ್ನುವ ಧೈರ್ಯ ಬಂದದ್ದು ಅವರಿಂದಲೇ.

ನಿಜವಾದ ಕೆಲಸ ಶುರುವಾಗುವುದು ಟ್ರಾನ್ಸಿಸ್ಟರ್‌ನಿಂದ. ಹಳೆಯ ಫಝ್‌ನ ಸದ್ದು ಬರುವುದು ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳಿಂದ. ಅವನ್ನು ಈಗ ಹೊಸದಾಗಿ ಮಾಡುವವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಳೇ ಸ್ಟಾಕೇ ಗತಿ. ಈ ವಿಷಯದಲ್ಲಿ ಬೆಂಗಳೂರಿನವನಾದ ನನಗೆ ಒಂದು ಅನುಕೂಲವಿತ್ತು. ಜಾಲಹಳ್ಳಿಯ ಬಿಇಎಲ್, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್, 1960ರ ದಶಕದಿಂದಲೇ ಜರ್ಮೇನಿಯಂ ಟ್ರಾನ್ಸಿಸ್ಟರ್ ಮಾಡುತ್ತಿತ್ತು. ನಮ್ಮ ಅಜ್ಜಂದಿರ ಮನೆಯ ರೇಡಿಯೋಗಳಲ್ಲಿ ಇದ್ದ ಎಸಿ128 ಅದರಲ್ಲಿ ಒಂದು. ಸಣ್ಣ ಲೋಹದ ಕೊಳವೆ, ಮೇಲೆ ಬಿಇಎಲ್ ಅನ್ನೋ ಮುದ್ರೆ. ಫಝ್‌ಗೆ ಹೇಳಿ ಮಾಡಿಸಿದ ಹಾಗಿರುವ ಟ್ರಾನ್ಸಿಸ್ಟರ್.

ಎಸ್‌ಪಿ ರೋಡಿನಲ್ಲಿ, ಅಂದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಲ್ಲಿ, ಹುಡುಕಿದೆ. ಮುಖ್ಯರಸ್ತೆಯ ಅಂಗಡಿಗಳಲ್ಲಿ ಈಗ ಆರ್ಡುಯಿನೋ, ಸೆನ್ಸರ್, ಸಿಸಿಟಿವಿ ಇವೇ. ಎಸಿ128 ಅಂದರೆ ಹುಡುಗರು ಮುಖ ಮುಖ ನೋಡಿಕೊಂಡರು. ಒಳಗಿನ ಸಂದಿಯ ಒಂದು ಅಂಗಡಿಯಲ್ಲಿ ವಯಸ್ಸಾದ ಯಜಮಾನರು ಕನ್ನಡಕ ಏರಿಸಿ, “ಜರ್ಮೇನಿಯಮ್ಮಾ? ಏನ್ ಸಾರ್, ರೇಡಿಯೋ ರಿಪೇರಿನಾ?” ಅಂದರು. ಗಿಟಾರಿಗೆ ಅಂದೆ. ಅವರು ನಂಬಲಿಲ್ಲ. ಆದರೆ ಮೇಲಿನ ಅಟ್ಟದಿಂದ ಒಂದು ರಟ್ಟಿನ ಡಬ್ಬ ಇಳಿಸಿದರು. ಯಾರೋ ರೇಡಿಯೋ ಅಂಗಡಿ ಮುಚ್ಚುವಾಗ ಕೊಟ್ಟು ಹೋದದ್ದಂತೆ. ಎಸಿ128, ಎಸಿ188, ಕಾಲು ಮುರಿದವು, ತುಕ್ಕು ಹಿಡಿದವು, ಎಲ್ಲ ಒಟ್ಟಿಗೆ. “ಆರಿಸಕ್ಕೆ ಕೂತ್ಕೋಬೇಡಿ, ಪೂರ್ತಿ ತಗೊಂಡೋಗಿ” ಅಂದರು. ತಗೊಂಡು ಬಂದೆ.

ಅಂಗಡಿಯಲ್ಲಿ ಕೂರದಿದ್ದರೇನು, ಮನೆಯಲ್ಲಿ ಕೂತು ಆರಿಸಲೇಬೇಕಲ್ಲ. ಜರ್ಮೇನಿಯಂನ ತಕರಾರು ಏನೆಂದರೆ, ಒಂದೇ ಹೆಸರಿನ ಎರಡು ಟ್ರಾನ್ಸಿಸ್ಟರ್ ಒಂದೇ ತರಹ ಇರುವುದಿಲ್ಲ. ಒಂದರ ಗೇನ್, ಅಂದರೆ ಹಿಗ್ಗಿಸುವ ಶಕ್ತಿ, 50 ಇದ್ದರೆ ಇನ್ನೊಂದರದು 150. ಅದರ ಜೊತೆಗೆ ಸೋರಿಕೆ ಬೇರೆ. ಟ್ರಾನ್ಸಿಸ್ಟರಿನ ಮೂರು ಕಾಲುಗಳಲ್ಲಿ ಬೇಸ್ ಅನ್ನುವುದಕ್ಕೆ ಏನೂ ಕೊಡದಿದ್ದರೂ ಒಳಗೊಳಗೇ ಕರೆಂಟು ಹರಿಯುತ್ತಿರುತ್ತದೆ. ಮಲ್ಟಿಮೀಟರಿನ ಟ್ರಾನ್ಸಿಸ್ಟರ್ ಸಾಕೆಟ್ಟಿಗೆ ಹಾಕಿದರೆ ಅದು ಈ ಸೋರಿಕೆಯನ್ನೂ ಗೇನ್ ಅಂತಲೇ ಎಣಿಸಿ ದೊಡ್ಡ ನಂಬರ್ ತೋರಿಸುತ್ತದೆ. ಆರ್.ಜಿ. ಕೀನ್ ಅನ್ನುವ ಅಮೆರಿಕದ ಎಂಜಿನಿಯರ್ ಇದಕ್ಕೊಂದು ಚಂದದ ಉಪಾಯ ಬರೆದಿಟ್ಟಿದ್ದಾರೆ. 9 ವೋಲ್ಟ್ ಬ್ಯಾಟರಿ, ಕಲೆಕ್ಟರ್ ಅನ್ನುವ ಕಾಲಿಗೆ 2.472 ಕಿಲೋಓಮ್ ರೆಸಿಸ್ಟರ್. ಮೊದಲು ಬೇಸ್ ಖಾಲಿ ಬಿಟ್ಟು ಆ ರೆಸಿಸ್ಟರ್ ಮೇಲಿನ ವೋಲ್ಟೇಜ್ ನೋಡಬೇಕು. ಅದು ಸೋರಿಕೆ. ಆಮೇಲೆ 2.2 ಮೆಗಾಓಮ್ ಮೂಲಕ ಬೇಸ್‌ಗೆ ಒಂದಿಷ್ಟೇ ಕರೆಂಟು ಕೊಟ್ಟು ಮತ್ತೆ ನೋಡಬೇಕು. ಎರಡರ ವ್ಯತ್ಯಾಸವನ್ನು ನೂರರಿಂದ ಗುಣಿಸಿದರೆ ನಿಜವಾದ ಗೇನ್ ಸಿಗುತ್ತದೆ.

ಕೇಳಲು ಸುಲಭ. ಆದರೆ ಟ್ರಾನ್ಸಿಸ್ಟರ್ ಅನ್ನು ಬೆರಳಲ್ಲಿ ಹಿಡಿದು ಸಾಕೆಟ್ಟಿಗೆ ಸಿಕ್ಕಿಸಿದರೆ ಸಾಕು, ಮೈಬಿಸಿಗೇ ಸೋರಿಕೆ ಏರಿಬಿಡುತ್ತದೆ. ಮೀಟರಿನ ಅಂಕಿ ಮೆಲ್ಲಗೆ ಇಳಿದು ನಿಲ್ಲುವ ತನಕ ಕಾಯಬೇಕು. ಒಂದೊಂದಕ್ಕೂ ಹೀಗೆ. ಮೊದಲನೇ ಟ್ರಾನ್ಸಿಸ್ಟರ್ ಗೇನ್ 70ರ ಆಸುಪಾಸು, ಎರಡನೆಯದು 120ರ ಆಸುಪಾಸು ಇದ್ದು, ಸೋರಿಕೆ ಕಡಿಮೆ ಇದ್ದರೆ ಅದು ಒಳ್ಳೆಯ ಜೋಡಿ. ನೂರು ಟ್ರಾನ್ಸಿಸ್ಟರ್ ಅಳೆದರೆ ಅರ್ಧಕ್ಕಿಂತ ಜಾಸ್ತಿ ಪಕ್ಕಕ್ಕೆ ಹೋಗುತ್ತವೆ. ಉಳಿದವನ್ನು ಜೋಡಿ ಮಾಡಿ, ಸಣ್ಣ ಜಿಪ್ ಕವರ್‌ನಲ್ಲಿ ಹಾಕಿ, ಮೇಲೆ ಅಂಕಿ ಬರೆದಿಡುತ್ತೇನೆ. ಅಡುಗೆಮನೆಯ ಡಬ್ಬಿಗಳ ನಡುವೆ ಈ ಕವರ್‌ಗಳಿಗೂ ಒಂದು ಜಾಗ ಆಗಿದೆ. ಯಾಕೆಂದರೆ ಮನೆಯಲ್ಲಿ ಅದೇ ತಂಪಾದ ಮೂಲೆ.

ನಮ್ಮ ಬೀದಿಯಲ್ಲಿ ಬಿಇಎಲ್‌ನಿಂದ ರಿಟೈರ್ ಆದ ಒಬ್ಬ ಆಂಟಿ ಇದ್ದಾರೆ. ಸೆಮಿಕಂಡಕ್ಟರ್ ವಿಭಾಗದಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂತು ಕೆಲಸ ಮಾಡಿದವರು. ಒಂದು ದಿನ ಅವರಿಗೆ ಈ ಕವರ್‌ಗಳನ್ನು ತೋರಿಸಿದೆ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. “ನಮ್ಮದೇ ಇದು” ಅಂದರು. ಪೆಡಲ್ ಹಾಕಿ ನುಡಿಸಿ ತೋರಿಸಿದೆ. ಸ್ವಲ್ಪ ಹೊತ್ತು ಕೇಳಿ, “ಏನಪ್ಪಾ, ಈ ತರ ಸದ್ದು ಬಂದರೆ ನಾವು ರಿಜೆಕ್ಟ್ ಮಾಡ್ತಿದ್ವಿ. ನೀನು ಇದಕ್ಕೆ ದುಡ್ಡು ತಗೊಳ್ತೀಯಾ?” ಅಂದರು. ನನ್ನ ಬಳಿ ಉತ್ತರ ಇರಲಿಲ್ಲ. ಕಾಫಿ ಕುಡಿದು ಹೋದರು.

ಜರ್ಮೇನಿಯಂಗೆ ಬಿಸಿಲು ಆಗಿಬರುವುದಿಲ್ಲ. ಬಿಸಿ ಏರಿದಂತೆ ಸೋರಿಕೆ ಏರುತ್ತದೆ. ಸುಮಾರು 10 ಡಿಗ್ರಿ ಹೆಚ್ಚಾದರೆ ಸೋರಿಕೆ ದುಪ್ಪಟ್ಟಾಗುತ್ತದೆ ಅಂತ ಒಂದು ಲೆಕ್ಕ. ಎರಡನೇ ಟ್ರಾನ್ಸಿಸ್ಟರ್‌ನ ಕಲೆಕ್ಟರ್‌ನಲ್ಲಿ ಬ್ಯಾಟರಿಯ ಅರ್ಧದಷ್ಟು, ಅಂದರೆ 4.5 ವೋಲ್ಟ್ ಹತ್ತಿರ ಇದ್ದರೆ ಸದ್ದು ತುಂಬಿಕೊಂಡು ಬರುತ್ತದೆ. ಆ ಅಂಕಿ ಜಾರಿದರೆ ಸ್ವರ ಉಸಿರು ಕಟ್ಟಿ ಕಡಿದು ಹೋಗುತ್ತದೆ. ದಾಸರಹಳ್ಳಿಯ ಡಿಸೆಂಬರ್ ರಾತ್ರಿ ಸರಿಮಾಡಿಟ್ಟ ಪೆಡಲ್, ಚೆನ್ನೈನ ಮೇ ತಿಂಗಳ ಬಯಲು ಸ್ಟೇಜಿನಲ್ಲಿ ಬೇರೆಯೇ ಪೆಡಲ್. ಅದಕ್ಕೆ ಮೂರನೆಯ ಒಂದು ನಾಬ್ ಸೇರಿಸಿದೆ. ಹೊರಗಿನಿಂದಲೇ ತಿರುಗಿಸಿ ಆ ವೋಲ್ಟೇಜನ್ನು ದಾರಿಗೆ ತರಬಹುದು. ಮೂರು ನಾಬ್‌ಗಳ ಹೆಸರು ಸದ್ದು, ಒರಟು, ಹದ.

ಇನ್ನೊಂದು ತಲೆನೋವು ಪವರ್‌ನದು. ಎಸಿ128 ಪಿಎನ್‌ಪಿ ಜಾತಿಯದು. ಅದರ ಹಳೇ ಸರ್ಕ್ಯೂಟಿನಲ್ಲಿ ಪಾಸಿಟಿವ್ ಕಡೆ ಗ್ರೌಂಡ್ ಆಗಿರುತ್ತದೆ. ಬೇರೆ ಬಹುತೇಕ ಪೆಡಲ್‌ಗಳಲ್ಲಿ ನೆಗೆಟಿವ್ ಕಡೆ ಗ್ರೌಂಡ್. ಗಿಟಾರಿಸ್ಟುಗಳು ಒಂದೇ ಅಡಾಪ್ಟರಿನಿಂದ ಕವಲು ತಂತಿ ಎಳೆದು ಐದಾರು ಪೆಡಲ್‌ಗೆ ಕೊಡುತ್ತಾರೆ. ಅದಕ್ಕೆ ಇದನ್ನೂ ಸೇರಿಸಿದರೆ ಸೀದಾ ಶಾರ್ಟ್. ಬ್ಯಾಟರಿಯಲ್ಲೇ ಓಡಿಸಿ ಅಂತ ಹೇಳಬಹುದು, ಆದರೆ ಈಗಿನವರು ಯಾರೂ ಬ್ಯಾಟರಿ ಹಾಕುವುದಿಲ್ಲ. ಹಾಗಾಗಿ ಒಳಗೆ ಒಂದು ಚಾರ್ಜ್ ಪಂಪ್ ಐಸಿ ಹಾಕಬೇಕು. ಅದು ಪ್ಲಸ್ 9 ವೋಲ್ಟನ್ನು ಮೈನಸ್ 9 ಮಾಡಿಕೊಡುತ್ತದೆ. ಎಸ್‌ಪಿ ರೋಡಿನಲ್ಲಿ ಸುಲಭವಾಗಿ ಸಿಗುವುದು ಐಸಿಎಲ್7660. ಅದು ಸುಮಾರು 10 ಕಿಲೋಹರ್ಟ್ಸ್ ಮೇಲೆ ಕೆಲಸ ಮಾಡುತ್ತದೆ. ಅಂದರೆ ಕಿವಿಗೆ ಕೇಳುವ ಮಟ್ಟ. ಫಝ್ ಎಲ್ಲವನ್ನೂ ಹಿಗ್ಗಿಸುವುದರಿಂದ ನುಡಿಸದೆ ಸುಮ್ನೆ ಇದ್ದಾಗಲೂ ಕೀ… ಅಂತ ಸಣ್ಣ ಸದ್ದು ಬರುತ್ತಿರುತ್ತದೆ. ಟಿಸಿ1044ಎಸ್ ಅನ್ನೋ ಐಸಿಯಲ್ಲಿ ಒಂದನೇ ಕಾಲನ್ನು ಎಂಟನೇ ಕಾಲಿಗೆ ಸೇರಿಸಿದರೆ ಅದರ ಓಟ ಕಿವಿಗೆ ನಿಲುಕದಷ್ಟು ಮೇಲೆ ಹೋಗುತ್ತದೆ, ಕೀ ಸದ್ದು ಮಾಯ. ಆದರೆ ಅದು ತಡೆಯುವುದು 12 ವೋಲ್ಟ್ ತನಕ ಮಾತ್ರ. 18 ವೋಲ್ಟ್ ಕೊಟ್ಟರೆ ಸತ್ತಿತು ಅಂತಲೇ. ಡಬ್ಬಿಯ ಮೇಲೆ 9 ವೋಲ್ಟ್ ಅಂತ ಬರೆದಿದ್ದರೂ 18 ಕೊಡುವವರು ಇದ್ದಾರೆ. ಐಸಿಯನ್ನು ಸಾಕೆಟ್ಟಿನಲ್ಲೇ ಕೂರಿಸುವುದು ಅವರಿಗಾಗಿ.

ಕಡಿಮೆ ಬೆಲೆಯ ಮಾಡೆಲ್ ಒಂದನ್ನು ಸಿಲಿಕಾನ್‌ನಲ್ಲೂ ಮಾಡಿದೆ, ಬಿಸಿ108 ಅನ್ನುವ ಟ್ರಾನ್ಸಿಸ್ಟರ್ ಹಾಕಿ. ಸಿಲಿಕಾನ್‌ಗೆ ಬಿಸಿಲಿನ ಚಿಂತೆ ಕಮ್ಮಿ, ಸೋರಿಕೆ ಇಲ್ಲವೆನ್ನುವಷ್ಟು. ಆದರೆ ಗೇನ್ ಜಾಸ್ತಿ, ರೇಡಿಯೋ ಅಲೆಗಳನ್ನೂ ಹಿಗ್ಗಿಸುವಷ್ಟು ಓಟವೂ ಜಾಸ್ತಿ. ಒಂದು ರಾತ್ರಿ ಡಬ್ಬಿ ಮುಚ್ಚದೆ ಬೋರ್ಡನ್ನು ಮೇಜಿನ ಮೇಲಿಟ್ಟು ಟೆಸ್ಟ್ ಮಾಡುತ್ತಿದ್ದೆ. ಗಿಟಾರಿನ ಕೇಬಲ್ ಸಿಕ್ಕಿಸಿ ನಾಬ್ ಪೂರ್ತಿ ತಿರುಗಿಸಿದರೆ ಆಂಪ್‌ನಿಂದ ಕನ್ನಡದಲ್ಲಿ ಯಾರೋ ರೈತರಿಗೆ ಸಲಹೆ ಕೊಡುತ್ತಿದ್ದಾರೆ! ಬೆಂಗಳೂರು ಆಕಾಶವಾಣಿ, 612 ಕಿಲೋಹರ್ಟ್ಸ್. ಉದ್ದನೆಯ ಕೇಬಲ್ಲೇ ಏರಿಯಲ್, ಮೊದಲನೇ ಟ್ರಾನ್ಸಿಸ್ಟರೇ ರೇಡಿಯೋ. ಕಲೆಕ್ಟರ್ ಮತ್ತು ಬೇಸ್ ನಡುವೆ 100 ಪಿಕೋಫ್ಯಾರಡ್‌ನ ಒಂದು ಪುಟ್ಟ ಕೆಪಾಸಿಟರ್ ಹಾಕಿ, ಲೋಹದ ಡಬ್ಬಿಯೊಳಗೆ ಕೂರಿಸಿ ಮುಚ್ಚಿದ ಮೇಲೆ ಅವರ ದನಿ ನಿಂತಿತು. ಅಪ್ಪನಿಗೆ ಮಾತ್ರ ಬೇಜಾರು. ಇದೇ ಚೆನ್ನಾಗಿತ್ತಲ್ಲೋ ಅಂದರು.

ಈಗ ಡಬ್ಬಿಯ ವಿಷಯ. ಎಲೆಕ್ಟ್ರಾನಿಕ್ಸ್‌ಗಿಂತ ಡಬ್ಬಿಗೇ ನನ್ನ ಹೆಚ್ಚು ಸಮಯ ಹೋಗುವುದು. ಪೆಡಲ್‌ಗೆ ಡೈಕಾಸ್ಟ್, ಅಂದರೆ ಎರಕದ ಅಲ್ಯೂಮಿನಿಯಂ ಡಬ್ಬಿ ಬೇಕು. ಕಾಲಿನಿಂದ ತುಳಿಯುವ ವಸ್ತು ಅಲ್ವಾ. ನಮ್ಮಲ್ಲಿ ಪ್ಯಾನೆಲ್ ಕೆಲಸದವರಿಗೆಂದು ಸಿಗುವ ಡಬ್ಬಿಗಳು ರಬ್ಬರ್ ಗ್ಯಾಸ್ಕೆಟ್ ಹಾಕಿ ಮಳೆಗೆ ನಿಲ್ಲುವಂಥವು. ತೂಕ ಜಾಸ್ತಿ, ಅಳತೆ ಹೊಂದುವುದಿಲ್ಲ. ಹಾಗಾಗಿ 125ಬಿ ಅನ್ನುವ ಅಳತೆಯದನ್ನು ಥಾಯ್ಲೆಂಡಿನಿಂದ ತರಿಸುತ್ತೇನೆ. ಸುಮಾರು 12 ಸೆಂಟಿಮೀಟರ್ ಉದ್ದ, ಆರೂವರೆ ಅಗಲ. ಅದಕ್ಕೆ ತೂತು ಹಾಕುವುದು ನನ್ನ ಭಾನುವಾರದ ಕೆಲಸ. ಕಾಲಿನ ಸ್ವಿಚ್ಚಿಗೆ 12 ಮಿಲಿಮೀಟರ್, ಪಾಟ್‌ಗೆ 7, ಕೇಬಲ್ ಜ್ಯಾಕ್‌ಗೆ ಒಂಬತ್ತೂವರೆ. ಪಂಚ್ ಹೊಡೆಯದೆ ಡ್ರಿಲ್ ಇಟ್ಟರೆ ಬಿಟ್ ಜಾರಿ ಮೈಯೆಲ್ಲ ಗೀರು. ಅಲ್ಯೂಮಿನಿಯಂ ಪುಡಿ ಮನೆಯೊಳಗೆ ಬರಬಾರದು ಅನ್ನೋ ಕಾನೂನು ಇರುವುದರಿಂದ ಟೆರೇಸಿನಲ್ಲೇ ಕೆಲಸ.

ತೂತಾದ ಮೇಲೆ ಪೀಣ್ಯಕ್ಕೆ, ಪೌಡರ್ ಕೋಟಿಂಗಿಗೆ, ಅಂದರೆ ಬಣ್ಣದ ಪುಡಿ ಸಿಂಪಡಿಸಿ ಓವನ್ನಿನಲ್ಲಿ ಕಾಯಿಸುವುದಕ್ಕೆ. ಅಲ್ಲಿನ ಅಂಗಡಿಗಳಿಗೆ ಬರುವುದು ಎಲೆಕ್ಟ್ರಿಕ್ ಪ್ಯಾನೆಲ್ಲು, ಕಿಟಕಿ ಗ್ರಿಲ್ಲು, ರ‍್ಯಾಕು. ನನ್ನ ಕೈಯಲ್ಲಿ ಒಂದು ಚೀಲ ಸಣ್ಣ ಡಬ್ಬಿಗಳು. ನನಗೆ ಬೇಕಾದ ಕೆಂಪು ಬಣ್ಣ ಕೇಳಿದರೆ, ಗನ್ ಪೂರ್ತಿ ತೊಳೆದು ಬಣ್ಣ ಬದಲಿಸಬೇಕು, ಇಷ್ಟು ಸಣ್ಣ ಲಾಟ್‌ಗೆ ಆಗಲ್ಲ ಅಂತಾರೆ. ಅದು ಅವರ ತಪ್ಪಲ್ಲ. ಒಬ್ಬರು ಮಾತ್ರ, “ಸೀಮನ್ಸ್ ಗ್ರೇ ಓಡ್ತಾ ಇದೆ ಸಾರ್, ಅದರ ಜೊತೆ ನೇತು ಹಾಕ್ತೀನಿ, ಆಗುತ್ತಾ?” ಅಂದರು. ಪ್ಯಾನೆಲ್ ಬೋರ್ಡುಗಳ ಆ ಮಾಸಲು ಬೂದು ಬಣ್ಣಕ್ಕೆ ಇಲ್ಲಿ ಎಲ್ಲರೂ ಹಾಗೇ ಅನ್ನುವುದು. ಬಣ್ಣದ ಕಾರ್ಡಿನಲ್ಲಿ ಆರ್‌ಎಎಲ್ 7032. ನಾನು ಹೂಂ ಅಂದೆ. ಈಗ ಅದೇ ನನ್ನ ಪೆಡಲ್‌ನ ಗುರುತಾಗಿದೆ. ಅಮೆರಿಕದಲ್ಲಿರುವ ಒಬ್ಬ ಕನ್ನಡದ ಹುಡುಗ ಈ ರೆಟ್ರೋ ಬಣ್ಣ ಎಷ್ಟು ಯೋಚನೆ ಮಾಡಿ ಆರಿಸಿದ್ದೀರಿ ಅಂತ ಹೊಗಳಿ ಬರೆದಿದ್ದ. ನಾನು ಥ್ಯಾಂಕ್ಸ್ ಅಂತಷ್ಟೇ ಉತ್ತರ ಕೊಟ್ಟೆ.

ಪೌಡರ್ ಕೋಟಿಂಗಿನಲ್ಲಿ ಎರಡು ಸೂಕ್ಷ್ಮ ಇವೆ. ಎರಕದ ಅಲ್ಯೂಮಿನಿಯಂ ಒಳಗೆ ಸಿಕ್ಕಿಕೊಂಡ ಗಾಳಿ, ಸುಮಾರು 200 ಡಿಗ್ರಿಯ ಓವನ್‌ಗೆ ಹೋದಾಗ ಹೊರಗೆ ನುಗ್ಗಿ ಬಣ್ಣದ ಮೇಲೆ ಗುಳ್ಳೆ ಎಬ್ಬಿಸುತ್ತದೆ. ಬಣ್ಣ ಹಾಕುವ ಮೊದಲು ಬರಿ ಡಬ್ಬಿಯನ್ನು ಒಮ್ಮೆ ಕಾಯಿಸಿ ಆ ಗಾಳಿ ಓಡಿಸಬೇಕು. ಎರಡನೆಯದು, ಈ ಬಣ್ಣದಲ್ಲಿ ಕರೆಂಟು ಹರಿಯುವುದಿಲ್ಲ. ಜ್ಯಾಕ್ ಕೂರುವ ಜಾಗದ ಒಳಮೈಯಲ್ಲೂ ಬಣ್ಣ ಬಿದ್ದರೆ ಡಬ್ಬಿಗೆ ಗ್ರೌಂಡ್ ಸಿಗುವುದಿಲ್ಲ, ಪೆಡಲ್ ಗುಂಯ್ ಅನ್ನುತ್ತದೆ. ಅಲ್ಲಿ ಟೇಪ್ ಅಂಟಿಸಿಕೊಟ್ಟು ಬರುತ್ತೇನೆ.

ಅಕ್ಷರ ಅಚ್ಚು ಮಾಡಿಸುವುದು ಸುಲ್ತಾನ್‌ಪೇಟೆಯಲ್ಲಿ. ಲಗ್ನಪತ್ರಿಕೆಗೆ ಹೆಸರಾದ ಬೀದಿ ಅದು. ಸ್ಕ್ರೀನ್ ಪ್ರಿಂಟಿಂಗ್ ಮಾಡುವವರು ಡಬ್ಬಿ ನೋಡಿ, “ಇದೇನ್ ಸಾರ್, ಫ್ಯಾನ್ ರೆಗ್ಯುಲೇಟರಾ?” ಅಂದರು. ನನ್ನ ಫೈಲು ಅವರ ಹಳೇ ಸಾಫ್ಟ್‌ವೇರ್‌ನಲ್ಲಿ ತೆರೆದಾಗ ಒತ್ತಕ್ಷರ ಒಡೆದು ಚೂರಾಗಿತ್ತು. ‘ಸದ್ದು’ ಅನ್ನುವುದು ಎರಡು ದಕಾರ, ಪಕ್ಕದಲ್ಲೊಂದು ಕೊಂಬು ಆಗಿ ನಿಂತಿತ್ತು. ಅವರು ‘ನುಡಿ’ ಅನ್ನೋ ಕನ್ನಡದ ಸಾಫ್ಟ್‌ವೇರ್‌ನಲ್ಲಿ ಮತ್ತೆ ಟೈಪ್ ಮಾಡಿಕೊಟ್ಟರು. ಈಗ ಅಕ್ಷರಗಳನ್ನು ಗೆರೆಯ ಚಿತ್ರವಾಗಿ ಬದಲಿಸಿಯೇ ಪೆನ್‌ಡ್ರೈವಿಗೆ ಹಾಕುತ್ತೇನೆ.

ವೈರಿಂಗ್ ಬಗ್ಗೆ ಹೇಳಲು ಹೆಚ್ಚಿಲ್ಲ. ಕಾಲಿನ ಸ್ವಿಚ್ಚಿಗೆ ಒಂಬತ್ತು ಕಾಲು. ಬೆಸುಗೆ ಹಾಕುವಾಗ ಹೆಚ್ಚು ಹೊತ್ತು ಕಾಯಿಸಿದರೆ ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ಸ್ವಿಚ್ ಕೆಡುತ್ತದೆ. ಅಷ್ಟೇ.

ಬೆಲೆ ಇಡುವುದು ಮಾತ್ರ ಇದೆಲ್ಲಕ್ಕಿಂತ ಕಷ್ಟ. ಬಿಡಿಭಾಗ, ಡಬ್ಬಿ, ಬಣ್ಣ, ಅಚ್ಚು, ಪ್ಯಾಕಿಂಗ್ ಎಲ್ಲ ಸೇರಿ ಜರ್ಮೇನಿಯಂ ಮಾಡೆಲ್‌ಗೆ ಎರಡು ಸಾವಿರದ ಮೇಲೆ ಬೀಳುತ್ತದೆ. ಮೊದಮೊದಲು ಮೂರು ಸಾವಿರಕ್ಕೆ ಕೊಟ್ಟೆ. ಗೆಳೆಯರೇ ಅಲ್ವಾ ಅಂತ. ಲೆಕ್ಕ ನೋಡಿದ ಆಡಿಟರ್, “ಇದರಲ್ಲಿ ನಿಮ್ಮ ಕೂಲಿ ಯಾವ ಕಾಲಂನಲ್ಲಿದೆ?” ಅಂತ ಕೇಳಿದರು. ಅವರು ಗಿಟಾರ್ ಮುಟ್ಟಿದವರಲ್ಲ. ಆದರೆ ನನ್ನ ಹೆಂಡತಿ ಕೇಳಿದ ಪ್ರಶ್ನೆಯ ಇನ್ನೊಂದು ಮುಖ ಅದು. ಸರ್ಕ್ಯೂಟು ಪುಕ್ಕಟೆ ಸಿಗುತ್ತದೆ. ಆ ರಟ್ಟಿನ ಡಬ್ಬದ ಮುಂದೆ ಕೂತು ಟ್ರಾನ್ಸಿಸ್ಟರ್ ಅಳೆದ ರಾತ್ರಿಗಳು, ಚೆನ್ನೈನಲ್ಲಿ ಪೆಡಲ್ ನಿಂತರೆ ಫೋನ್ ಎತ್ತುವವನು ಒಬ್ಬ ಇದ್ದಾನೆ ಅನ್ನೋ ಧೈರ್ಯ, ಇವಕ್ಕೆ ಜನ ದುಡ್ಡು ಕೊಡುತ್ತಾರೆ. ಈಗ ಬೆಲೆ ಆರೂವರೆ ಸಾವಿರ. ಚೀನಾದ ಪುಟ್ಟ ಪೆಡಲ್‌ಗಳು ಇದರ ಅರ್ಧಕ್ಕಿಂತ ಕಮ್ಮಿಗೆ ಸಿಗುತ್ತವೆ, ಚೆನ್ನಾಗಿಯೂ ಇವೆ. ಅದನ್ನೇ ಕೊಳ್ಳಿ ಅಂತ ಕೆಲವರಿಗೆ ನಾನೇ ಹೇಳಿದ್ದೇನೆ.

ಆಡಿಟರ್ ಹೇಳಿದ ಇನ್ನೊಂದು ವಿಷಯ ಜಿಎಸ್‌ಟಿಯದು. ಕರ್ನಾಟಕದಲ್ಲಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟಿನ ತನಕ ನೋಂದಣಿ ಬೇಡ. ನನ್ನ ವಹಿವಾಟು ಅದರ ಹತ್ತಿರವೂ ಸುಳಿಯುವುದಿಲ್ಲ. ಆದರೆ ಬೇರೆ ರಾಜ್ಯಕ್ಕೆ ಒಂದೇ ಒಂದು ಪೆಡಲ್ ಮಾರಿದರೂ ನೋಂದಣಿ ಬೇಕೇ ಬೇಕು. ಲೆಕ್ಕ ಸುಲಭ ಮಾಡುವ ಕಾಂಪೊಸಿಷನ್ ಸ್ಕೀಮೂ ಹೊರರಾಜ್ಯಕ್ಕೆ ಮಾರುವವರಿಗೆ ಇಲ್ಲ. ನನ್ನ ಗಿರಾಕಿಗಳಲ್ಲಿ ಬೆಂಗಳೂರಿನವರೇ ಕಮ್ಮಿ! ನಾಗಾಲ್ಯಾಂಡ್, ಮಿಜೋರಾಂ, ಮೇಘಾಲಯದಿಂದ ಬರುವ ಆರ್ಡರ್ ಜಾಸ್ತಿ. ಅಲ್ಲಿ ಚರ್ಚುಗಳಲ್ಲಿ ಗಿಟಾರ್ ನುಡಿಸುವವರು ಬಹಳ. ಐಜ್ವಾಲ್‌ಗೆ ಕಳಿಸಲು ನನಗೆ ಒಗ್ಗಿದ್ದು ಸ್ಪೀಡ್ ಪೋಸ್ಟ್. ನಿಧಾನ, ಆದರೆ ಬೆಟ್ಟದ ಮೇಲಿನ ಊರಿಗೂ ಹೋಗಿ ಮುಟ್ಟುತ್ತದೆ.

ಬರುವ ದೂರುಗಳಲ್ಲಿ ಪೆಡಲ್ ನಿಜಕ್ಕೂ ಕೆಟ್ಟಿರುವುದು ಅಪರೂಪ. ‘ಸದ್ದೇ ಇಲ್ಲ’ ಅಂದರೆ ಕೇಬಲ್ ನೋಡಿ ಅನ್ನುತ್ತೇನೆ. ‘ಕೀರಲು ಸದ್ದು’ ಅಂದರೆ ಫಝ್‌ನ ಮುಂಚೆ ಯಾವ ಪೆಡಲ್ ಇದೆ ಅಂತ ಕೇಳುತ್ತೇನೆ. ಫಝ್‌ಗೆ ಗಿಟಾರ್ ನೇರವಾಗಿ ಬಂದು ಸೇರಬೇಕು. ನಡುವೆ ಬಫರ್, ಅಂದರೆ ಸಿಗ್ನಲ್ಲನ್ನು ಗಟ್ಟಿ ಮಾಡಿ ದಾಟಿಸುವ ಸಣ್ಣ ಸರ್ಕ್ಯೂಟು, ಇರುವ ಟ್ಯೂನರ್ ಬಂದರೂ ಅದರ ಗುಣ ಕೆಡುತ್ತದೆ. ಗಿಟಾರಿನ ವಾಲ್ಯೂಮ್ ಸ್ವಲ್ಪ ಇಳಿಸಿದರೆ ಗೊರಕೆ ಕರಗಿ ತಿಳಿಯಾಗುವುದು ಇದರ ದೊಡ್ಡ ಸೊಗಸು. ಬಫರ್ ನಡುವೆ ನಿಂತರೆ ಅದು ಆಗುವುದಿಲ್ಲ.

ಇದೇ ಕಾರಣಕ್ಕೆ ಮೈಸೂರಿನ ಒಬ್ಬ ವೀಣೆಯವರ ಜೊತೆ ತಿಂಗಳುಗಟ್ಟಲೆ ಒದ್ದಾಡಿದೆ. ಅವರ ವೀಣೆಗೆ ಮೈಗೆ ಅಂಟಿಸಿ ಅದುರನ್ನು ಹಿಡಿಯುವ ಪೀಜೋ ಕಾಂಟ್ಯಾಕ್ಟ್ ಮೈಕ್. ಅದಕ್ಕೆ ಮುಂದಿನ ಯಂತ್ರದಿಂದ ಒಂದು ಮೆಗಾಓಮ್‌ಗೂ ಮೇಲಿನ ಇಂಪಿಡೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಬೇಕು. ಫಝ್‌ನದು ಕೆಲವೇ ಕಿಲೋಓಮ್. ಸೇರಿಸಿದ ಕೂಡಲೇ ಮಂದ್ರದ ತಂತಿಯ ಗಾಂಭೀರ್ಯ ಹೋಗಿ ತಗಡು ಬಡಿದ ಸದ್ದು. ಅವರಿಗಾಗಿ ಮುಂದೆ ಜೆ201 ಅನ್ನುವ ಟ್ರಾನ್ಸಿಸ್ಟರಿನ ಒಂದು ಬಫರ್, ಅದಾದ ಮೇಲೆ ಗಿಟಾರ್ ಪಿಕಪ್‌ನ ಗುಣ ಬರಲೆಂದು ಸಣ್ಣ ಆಡಿಯೋ ಟ್ರಾನ್ಸ್‌ಫಾರ್ಮರ್‌ನ ಸುರುಳಿ ಹಾಕಿ ನೋಡಿದೆ. ಗಮಕ ಎಳೆದಾಗ ಫಝ್ ಜೊತೆಗೇ ಏರಿ ಇಳಿಯತೊಡಗಿತು. “ಇದನ್ನ ಗುರುಗಳ ಮುಂದೆ ಮಾತ್ರ ಹಾಕಲ್ಲಪ್ಪ” ಅಂತ ನಕ್ಕು ಪೂರ್ತಿ ದುಡ್ಡು ಕೊಟ್ಟು ತಗೊಂಡು ಹೋದರು. ಈ ಮಾಡೆಲ್ ಅನ್ನು ಮಾರಾಟಕ್ಕೆ ಇಟ್ಟಿಲ್ಲ. ಕೇಳಿದವರಿಗೆ ಮಾಡಿಕೊಡುತ್ತೇನೆ.

ರಟ್ಟಿನ ಡಬ್ಬ ಅರ್ಧಕ್ಕೆ ಇಳಿದಿದೆ. ಎಸ್‌ಪಿ ರೋಡಿನ ಯಜಮಾನರು ಇನ್ನೊಂದು ಎಲ್ಲೋ ಇದೆ, ಹುಡುಕಬೇಕು ಅಂತ ಹೇಳುತ್ತಲೇ ಇದ್ದಾರೆ. ಅದು ಸಿಗದಿದ್ದರೆ ಜರ್ಮೇನಿಯಂ ಮಾಡೆಲ್ ನಿಲ್ಲುತ್ತದೆ, ಸಿಲಿಕಾನ್ ಮುಂದುವರಿಯುತ್ತದೆ. ಒಂದೊಂದು ಬ್ಯಾಚ್ ಮಾಡುವುದು ಪೀಣ್ಯದಲ್ಲಿ ಬೂದು ಬಣ್ಣ ಓಡುವ ವಾರ ನೋಡಿಕೊಂಡು. ಈಗಿನ ಬ್ಯಾಚ್ ಪೂರ್ತಿ ಬುಕ್ ಆಗಿದೆ. ಮುಂದಿನದಕ್ಕೆ ಹೆಸರು ಬರೆಸುವವರನ್ನು ಮೊದಲು ಎರಡು ವಿಷಯ ಕೇಳುತ್ತೇನೆ: ನಿಮ್ಮ ಪವರ್ ಸಪ್ಲೈ ಎಷ್ಟು ವೋಲ್ಟ್, ನಿಮ್ಮೂರಿನಲ್ಲಿ ಸೆಕೆ ಎಷ್ಟು.